ಕನ್ನಡಕದ ಡಬ್ಬಿಯ ಅರ್ಧ ಮಾತ್ರೆಗಳು

ಹಳೆಯ ಕನ್ನಡಕದ ಡಬ್ಬಿಯೊಂದರಲ್ಲಿ ನಾನು ಅರ್ಧ ಮಾತ್ರೆಗಳನ್ನು ಬಚ್ಚಿಡುತ್ತಿದ್ದೆ. ಎಸೆಯಬಹುದಿತ್ತು, ನಿಜ. ಆದರೆ ತಿಪ್ಪೆಗೆ ಹಾಕಿದರೆ ಪಕ್ಕದ ಮನೆಯ ಕೋಳಿ ತಿಂದು ರಕ್ತ ಕಾರೀತು, ಚರಂಡಿಗೆ ಹಾಕಿದರೆ ಯಾವುದೋ ಹಸು ಆ ನೀರು ಕುಡಿದೀತು ಎಂಬ ಭಯ. ಕೋಳಿ, ಹಸುಗಳ ಬಗ್ಗೆ ಇಷ್ಟು ಯೋಚಿಸಿದವನು ಹೆಂಡತಿಯ ಬಗ್ಗೆ ಯೋಚಿಸಲಿಲ್ಲ.

ನಾನು ಕೊಳ್ಳೇಗಾಲದಲ್ಲಿ ಹೈಸ್ಕೂಲು ಮೇಷ್ಟ್ರು. ಕಲಿಸುವುದು, ನಗಬೇಡಿ, ವಿಜ್ಞಾನ. ಹೋದ ವರ್ಷ ನನ್ನ ಎಡಗಾಲು ಬಾಳೆದಿಂಡಿನ ಹಾಗೆ ಊದಿಕೊಂಡಿತು. ಸ್ಕ್ಯಾನು ಮಾಡಿದವರು ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿದೆ ಎಂದರು. ಚಾಮರಾಜನಗರದ ಡಾಕ್ಟರು ಕಾರಣ ಹುಡುಕಲು ಇನ್ನಷ್ಟು ಪರೀಕ್ಷೆ ಬರೆದರು, ಮೂರು ತಿಂಗಳು ಬಿಟ್ಟು ಅದನ್ನೇ ಮತ್ತೆ ಮಾಡಿಸಿದರು. ಎರಡು ಸಲವೂ ಲೂಪಸ್ ಆ್ಯಂಟಿಕೋಆಗ್ಯುಲಂಟ್ ಇದೆ ಎಂದೇ ಬಂತು. ಲೂಪಸ್ ಕಾಯಿಲೆ ನನಗಿಲ್ಲವಂತೆ. ಆ ಹೆಸರು ಹೊತ್ತ ಒಂದು ಪ್ರತಿಕಾಯ ರಕ್ತದಲ್ಲಿದೆಯಂತೆ. ರಕ್ತ ತೆಳುವಾಗಿಸಲು ದಿನಕ್ಕೊಂದು ಮಾತ್ರೆ, ಬಹುಶಃ ಇರುವತನಕ. ಮಾತ್ರೆ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ತಿಂಗಳಿಗೊಮ್ಮೆ ರಕ್ತಪರೀಕ್ಷೆ.

ರಿಪೋರ್ಟನ್ನು ಮನೆಯಲ್ಲಿ ಕೂತು ಓದಿದೆ. ನಾನು ಕೆಟ್ಟದ್ದು ಅಲ್ಲೇ. ನನ್ನ ರಕ್ತ ಪರೀಕ್ಷಾ ನಳಿಗೆಯಲ್ಲಿ ಹೆಪ್ಪುಗಟ್ಟಲು ಮಾಮೂಲಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಿತ್ತು. ಮೊದಲೇ ಬೇಗ ಹೆಪ್ಪುಗಟ್ಟದ ರಕ್ತ, ಅದನ್ನು ಇನ್ನೂ ತೆಳು ಮಾಡುವುದೇ? ಅದೇ ವಾರ ಹಲ್ಲುಜ್ಜುವಾಗ ವಸಡಿನಲ್ಲಿ ಒಂದಿಷ್ಟು ರಕ್ತ ಕಂಡಿತು. ಡಾಕ್ಟರನ್ನು ಕೇಳಬಹುದಿತ್ತು. ಮೇಷ್ಟ್ರಾಗಿ ಇಷ್ಟೂ ಗೊತ್ತಿಲ್ಲವೇ ಅಂದುಬಿಟ್ಟರೆ? ಅವತ್ತಿನಿಂದ ಮಾತ್ರೆ ಮುರಿಯತೊಡಗಿದೆ.

ಮುಂದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದೆ.

"ರಕ್ತ ಸಾಕಷ್ಟು ತೆಳುವಾಗಿಲ್ವಲ್ಲ ಮೇಷ್ಟ್ರೇ. ಮಾತ್ರೆ ತಪ್ಪಿಸ್ತಿಲ್ಲ ತಾನೇ?" ಎಂದರು ಡಾಕ್ಟರು.

"ಒಂದಿನಾನೂ ಇಲ್ಲ ಸಾರ್."

"ಸೊಪ್ಪು ತಿನ್ನೋದು ದಿಢೀರ್ ಜಾಸ್ತಿ ಆಯ್ತಾ? ಅದೂ ಮಾತ್ರೆಗೆ ಅಡ್ಡ ಬರುತ್ತೆ."

ಮುಳುಗುವವನಿಗೆ ಸೊಪ್ಪಿನ ಕಟ್ಟು ಸಿಕ್ಕಂತಾಯಿತು. "ಅದೇ ಇರ್ಬೇಕು ಸಾರ್. ನಮ್ಮನೇಲಿ ಮೂರೊತ್ತೂ ಸೊಪ್ಪೇ."

ಪಕ್ಕದಲ್ಲಿ ಕೂತಿದ್ದ ಹೆಂಡತಿ ಒಂದು ಸಲ ನನ್ನ ಮುಖ ನೋಡಿ ತಲೆ ತಗ್ಗಿಸಿದಳು.

ಅವಳು ಶಾಗ್ಯ ಎಂಬ ಹಳ್ಳಿಯವಳು. ಹೊಲದ ಬದುವಿನಲ್ಲಿ ನಡೆದುಹೋಗುತ್ತಲೇ ಹತ್ತು ಬಗೆಯ ಬೆರಕೆ ಸೊಪ್ಪು ಕಿತ್ತು ಮಡಿಲು ತುಂಬಿಸಬಲ್ಲವಳು. ಮಾಂಸ ಮುಟ್ಟದ ನಮ್ಮ ಮನೆಯಲ್ಲಿ ಆ ಸಾರಿಗೆ ಮುದ್ದೆ ಇದ್ದರೆ ಅದೇ ಹಬ್ಬ. ಅವತ್ತು ಸಂಜೆ ಹಿತ್ತಲಿನ ದಂಟು, ಹರಿವೆಯನ್ನೆಲ್ಲ ಬೇರುಸಹಿತ ಕಿತ್ತುಹಾಕಿದಳು. ನೀನಾದರೂ ತಿನ್ನು ಅಂದೆ. "ನಿಮ್ಮೆದ್ರುಗೆ ಕುಂತ್ಕಂಡು ನಾನೆಂಗ್ ಉಣ್ಲಿ?" ಎಂದಳು.

ಮುಳ್ಳೂರಿನಿಂದ ನನ್ನಕ್ಕ ನೋಡಲು ಬಂದಳು. ಸುದ್ದಿ ಅವಳಿಗೆ ಮುಟ್ಟಿತ್ತು, ಮುಟ್ಟಿಸಿದವನೂ ನಾನೇ.

"ಏನವ್ವಾ, ಮೇಕೆಗಾಕ್ದಂಗೆ ಸೊಪ್ಪಾಕಿದ್ಯಂತಲ್ಲ ನನ್ ತಮ್ಮುಂಗೆ! ಶಾಗ್ಯದಲ್ಲಿ ಮೇಕೆ ಸಾಕಿದ್ದೇ ಬಂತು, ಗಂಡನ್ನ ಸಾಕೋದ್ ಕಲೀನಿಲ್ಲ ನೀನು."

ನಾನು ಅದೇ ಕೋಣೆಯಲ್ಲಿ ಪೇಪರು ಹಿಡಿದು ಕೂತಿದ್ದೆ. ಪುಟ ಕೂಡ ತಿರುವಿದೆ.

ಮರು ತಿಂಗಳೂ ಫಲಿತಾಂಶ ಅದೇ. ಈ ಸಲ ಡಾಕ್ಟರು ಅವಳತ್ತ ತಿರುಗಿದರು. ಅವಳು, "ಮಾದಪ್ಪನಾಣೆ ಸಾ, ಒಂದೆಲೆ ಬೇಯ್ಸಿಲ್ಲ. ಇನ್ನೇನ್ ಬುಡ್ಲಿ ಏಳಿ, ಅದ್ನೂ ಬುಟ್ಬುಡ್ತೀನಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಾಗಾದ್ರೆ ಡೋಸ್ ಏರಿಸ್ಲೇಬೇಕು," ಎಂದು ಡಾಕ್ಟರು ಪೆನ್ನು ತೆಗೆದರು.

ಡಬ್ಬಿ ನನ್ನ ಕೈಚೀಲದಲ್ಲೇ ಇತ್ತು. ಮನೆಯಲ್ಲಿಟ್ಟರೆ ಗುಡಿಸುವಾಗ ಅವಳ ಕೈಗೆ ಸಿಕ್ಕೀತೆಂದು ಹೋದಲ್ಲೆಲ್ಲ ಹೊತ್ತು ತಿರುಗುತ್ತಿದ್ದೆ. ತೆಗೆದು ಮೇಜಿನ ಮೇಲೆ ಸುರಿದೆ. ಕಾರಣವನ್ನೂ ಹೇಳಿದೆ.

ಡಾಕ್ಟರು ಬೈದಿದ್ದರೆ ಚೆನ್ನಾಗಿತ್ತು. ಅವರು ಪಾಠ ಮಾಡಿದರು. "ನಳಿಗೆಯಲ್ಲಿ ಈ ಪ್ರತಿಕಾಯ ಪರೀಕ್ಷೆಗೆ ಬಳಸೋ ವಸ್ತುವಿಗೆ ಅಂಟಿಕೊಂಡು ತಡ ಮಾಡಿಸುತ್ತೆ. ಮೈಯೊಳಗೆ ಮಾಡೋದು ತಿರುವುಮುರುವು, ರಕ್ತ ಗಟ್ಟಿಯಾಗಿಸುತ್ತೆ. ಇದರಿಂದ ರಕ್ತಸ್ರಾವ ಆಗೋರು ತೀರಾ ಕಮ್ಮಿ. ನೀವು ಗಾಜಿನ ಮಾತು ನಂಬಿ, ನಿಮ್ಮ ಕಾಲಿನ ಮಾತು ಕೇಳಲಿಲ್ಲ. ವಸಡಿನ ವಿಷಯ ನನಗೆ ಹೇಳ್ಬೇಕಿತ್ತು." ಆಮೇಲೆ ಅವಳಿಗೆ, "ಸೊಪ್ಪು ಬಿಡೋದೇನೂ ಬೇಡಮ್ಮ. ದಿನಾ ಹೆಚ್ಚುಕಮ್ಮಿ ಒಂದೇ ಅಳತೆ ಇರ್ಲಿ, ಸಾಕು," ಎಂದರು.

ಊರಿಗೆ ಹೊರಟ ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತಳು. ಆಮೇಲೆ, "ಅತ್ಗೆಗೆ ಪೋನ್ ಮಾಡಿ ನೀವೇ ಏಳಿ. ಈಗ್ಲೇ," ಎಂದಳು.

ಅಲ್ಲಿಂದಲೇ ಫೋನು ಮಾಡಿದೆ. ಅಕ್ಕನಿಗೆ ಕಿವಿ ಮಂದ. ಕಿರುಚದೆ ಬೇರೆ ದಾರಿಯಿರಲಿಲ್ಲ.

"ಸೊಪ್ಪಲ್ಲ ಕಣಕ್ಕಾ! ನಾನೇ ಮಾತ್ರೆ ಮುರ್ದು ಅರ್ಧ ನುಂಗ್ತಿದ್ದೆ! ಅವ್ಳ್ದೇನೂ ತಪ್ಪಿಲ್ಲ!"

ಮುಂದಿನ ಸೀಟಿನವರು ತಿರುಗಿದರು. ಅವರಲ್ಲೊಬ್ಬರು ನನ್ನ ಹಳೆಯ ವಿದ್ಯಾರ್ಥಿಯ ತಂದೆ.

ಅಕ್ಕ ಅತ್ತ ಕಡೆಯಿಂದ ಕೇಳಿದಳು: "ಲೇ, ನಾನ್ ಅವ್ಳ್ನ ಅಂದಾಗ ನೀನಲ್ಲೇ ಕುಂತಿದ್ಯಲ್ಲಾ."

"ಹೂಂ."

"ಪೋನ್ ಅವ್ಳ್ ಕೈಗ್ ಕೊಡು."

ಅಕ್ಕ ಏನು ಹೇಳಿದಳೋ ನನಗಿವತ್ತಿಗೂ ಗೊತ್ತಿಲ್ಲ. ಹೆಂಡತಿ ಬಹಳ ಹೊತ್ತು ಕೇಳಿಸಿಕೊಂಡು, "ಇರ್ಲಿ ಬುಡಿ ಅತ್ಗೆ," ಎಂದಳು. ನನಗೆ ಆ ಮಾತು ಹೇಳಲಿಲ್ಲ.

ಯಳಂದೂರಿನಲ್ಲಿ ಬಸ್ಸು ನಿಂತಾಗ ಇಳಿದುಹೋದವಳು ಬೆರಕೆ ಸೊಪ್ಪು ಕೊಂಡುತಂದು ನನ್ನ ತೊಡೆಯ ಮೇಲೆ ಹಾಕಿದಳು.

"ಸೋಸಿ."

ಅಷ್ಟು ಜನರ ನಡುವೆ, ಬೇರು ಕಿತ್ತು, ಹುಳ ಹಿಡಿದ ಎಲೆ ತೆಗೆದು, ಎಳೆಯದನ್ನು ಅವಳ ಸೆರಗಿಗೆ ಹಾಕುತ್ತ ಕೂತೆ. ಕೊಳ್ಳೇಗಾಲ ಬರುವವರೆಗೂ ತಲೆ ಎತ್ತಲಿಲ್ಲ.