ಪಕ್ಕೆಲುಬಲ್ಲಿ ಕೆಮ್ಮು ಓದುವ ಸ್ಕೇಲಕ್ಕ

ಬೆಳಗಿನ ಐದೂವರೆ. ಕಸಾಯಿಖಾನೆಯ ತಣ್ಣನೆಯ ಹಜಾರದಲ್ಲಿ ಸೀಳಿದ ಹಂದಿಗಳು ಮೇಲಿನ ಕಂಬಿಯ ಕೊಕ್ಕೆಗೆ ತೂಗಿಕೊಂಡು ಒಂದರ ಹಿಂದೊಂದು ಬರುತ್ತಿವೆ. ಕಂಬಿಯ ಪಕ್ಕ ನಿಂತ ಹೆಂಗಸು ತೂಕ ಬರೆದುಕೊಳ್ಳುತ್ತಾರೆ, ಉಕ್ಕಿನ ಸ್ಕೇಲಿಟ್ಟು ಬೆನ್ನಿನ ಕೊಬ್ಬು ಅಳೆಯುತ್ತಾರೆ. ಆಮೇಲೆ ಯಾರೂ ಹೇಳದ ಕೆಲಸವೊಂದನ್ನು ಮಾಡುತ್ತಾರೆ. ಎದೆಗೂಡಿನೊಳಗೆ ಕೈಹಾಕಿ ಪಕ್ಕೆಲುಬು ತಡವುತ್ತಾರೆ. ನುಣುಪಾಗಿದ್ದರೆ ಸರಿ. ತರಿತರಿಯಾಗಿ ಪೊರೆ ಅಂಟಿದ್ದರೆ ಕಾಗದದ ಅಂಚಿನಲ್ಲಿ ‘ಕೆ’ ಎಂದು ಗೀಚುತ್ತಾರೆ. ಕೆ ಅಂದರೆ ಕೆಮ್ಮು; ಕೆಮ್ಮಿನ ರೋಗ ಬಂದ ಹಂದಿಗೆ ಶ್ವಾಸಕೋಶದ ಪೊರೆ ಪಕ್ಕೆಗೆ ಅಂಟಿಕೊಂಡಿರುತ್ತದೆ.

ದಿನಕ್ಕೆ ಇನ್ನೂರ ನಲವತ್ತು ಹಂದಿ, ಹತ್ತೊಂಬತ್ತು ವರ್ಷದಿಂದ. ಎಲ್ಲರ ಬಾಯಲ್ಲೂ ಇವರು ಸ್ಕೇಲಕ್ಕ. ಚಳಿಗೆ ಬೆರಳ ಗೆಣ್ಣುಗಳು ಊದಿ, ಮನೆಯಲ್ಲಿ ಅಂಗಿಯ ಗುಂಡಿಯನ್ನು ಮಗಳೇ ಹಾಕಿಕೊಡಬೇಕು.

“ಒಂದೇ ತೊಟ್ಟೀಲಿ ತಿಂದ್ರೂ ಹೆಣ್ಣಿಗೆ ಕೊಬ್ಬು ಕಮ್ಮಿ, ಬೀಜ ತೆಗೆದ ಗಂಡಿಗೆ ಜಾಸ್ತಿ. ಗಂಡೂ ಹೆಣ್ಣಿನಷ್ಟೇ ತೆಳ್ಳಗೆ ಬಂತು ಅಂದ್ರೆ ಏನೋ ಎಡವಟ್ಟಾಗಿದೆ ಅಂತ. ನಂಗದು ಗೊತ್ತಿತ್ತು. ಗೊತ್ತಿದ್ದೂ ಎಡವಿದೆ.”

ಎಡವಿದ್ದು ಏಳು ವರ್ಷದ ಹಿಂದೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಹಂದಿ ಸಾಕುತ್ತಿದ್ದ ಹೆಣ್ಣುಮಗಳೊಬ್ಬಳ ಶೆಡ್ಡಿನಿಂದ ಹಂದಿಗಳ ಒಂದು ಹಿಂಡು ಬಂದಿತ್ತು. ಗಂಡುಗಳೆಲ್ಲ ತೆಳ್ಳಗೆ, ತೂಕವೂ ಕಮ್ಮಿ. ತೆಳುಕೊಬ್ಬೆಂದರೆ ಕೊಳ್ಳುವವರಿಗೆ ಪಂಚಪ್ರಾಣ. ಸ್ಕೇಲಕ್ಕ ಹಿಂದುಮುಂದು ನೋಡದೆ ‘ಉತ್ತಮ’ ಮುದ್ರೆ ಒತ್ತಿದರು. ಆ ಚೀಟಿ ನಂಬಿದ ಹೆಣ್ಣುಮಗಳು ಶೆಡ್ಡಿನಲ್ಲಿ ಕೇಳುತ್ತಿದ್ದ ಕೆಮ್ಮನ್ನು ಧೂಳಿಗೆ ಅಂದುಕೊಂಡಳು. ತಿಂಗಳೊಳಗೆ ಉಳಿದವುಗಳಲ್ಲಿ ಅರ್ಧಕ್ಕರ್ಧ ಸತ್ತವು.

“ಬಂದು ಬೈಲಿಲ್ಲ ಅವ್ಳು. ಚೀಟಿ ತೋರ್ಸಿ, ‘ಉತ್ತಮ ಅಂತ ಬರ್ದಿದ್ರಲ್ಲ ಅಕ್ಕ’ ಅಂದ್ಲು, ಅಷ್ಟೇ. ಬೈದಿದ್ರೆ ಮರೀತಿದ್ನೇನೋ.”

ಅಂದಿನಿಂದ ಪಕ್ಕೆ ತಡವದೆ ಮುದ್ರೆ ಒತ್ತಿಲ್ಲ. ಜೊತೆಯವರು ‘ಡಾಕ್ಟ್ರಮ್ಮ’ ಎಂದು ಕಾಲೆಳೆಯುತ್ತಾರೆ. ಫಾರಂನಲ್ಲಿ ಇಲ್ಲದ್ದನ್ನು ಯಾಕೆ ಬರೀತೀಯ ಎಂದು ಸಾಹೇಬರು ಗದರುತ್ತಾರೆ. ಇವರ ಆಸೆ ಒಂದೇ: ಫಾರಂನಲ್ಲಿ ಕೆಮ್ಮಿಗೊಂದು ಕಾಲಂ. “ನಾಳೆ ನನ್ನ ಜಾಗಕ್ಕೆ ಬರೋರು ಅಂಚಲ್ಲಿ ಬರೀತಾರೋ ಇಲ್ವೋ, ಯಾರಿಗ್ಗೊತ್ತು.”

ಇವತ್ತು ಕಂಬಿಯ ಮೇಲಿರುವುದು ಅದೇ ಹೆಣ್ಣುಮಗಳ ಹಂದಿಗಳು, ಮೂವತ್ತೆರಡು. ಕಳೆದ ಸಲ ಒಂಬತ್ತು ‘ಕೆ’ ಸಿಕ್ಕಿದ್ದವು. ಹೇಳಿದ ಕೂಡಲೇ ಅವಳು ವೈದ್ಯರನ್ನು ಕರೆಸಿ ಔಷಧಿ ಹಾಕಿಸಿದ್ದಾಳೆ, ಗಾಳಿಯಾಡಲೆಂದು ಶೆಡ್ಡಿನ ಗೋಡೆ ಒಡೆಸಿದ್ದಾಳೆ. ಈ ಸಲವೂ ಸಿಕ್ಕರೆ ಶೆಡ್ಡಿಗೆ ಬೀಗ ಹಾಕುವುದೇ ಎಂದಿದ್ದಾಳೆ.

ಮೂವತ್ತೆರಡನೆಯದರ ಪಕ್ಕೆಯಿಂದ ಕೈ ತೆಗೆದು, ತೊಳೆದು, ಸ್ಕೇಲಕ್ಕ ತಾವೇ ಫೋನು ಮಾಡುತ್ತಾರೆ. ಆ ಕಡೆ ಮೊದಲ ಗಂಟೆಗೇ ಎತ್ತಿದ ಸದ್ದು.

“ಗಂಡುಗಳಿಗೆಲ್ಲ ಕೊಬ್ಬು ದಪ್ಪ ಬಂದಿದೆ ಕಣಮ್ಮ. ಉತ್ತಮ ಮುದ್ರೆ ಒತ್ತಕ್ಕಾಗಲ್ಲ. ಎಲ್ಲಾ ಸಾಧಾರಣ.”

“ಸಾಧಾರಣನಾ ಅಕ್ಕ?”

“ಹೂಂ. ಒಂದೂ ಕೆ ಇಲ್ಲ. ಬರೀ ಸಾಧಾರಣ.”

ಆ ಕಡೆಯಿಂದ ಅಳು ಕೇಳಿಸುತ್ತದೆ. ಸ್ಕೇಲಕ್ಕ ಫೋನು ಇಡುವುದಿಲ್ಲ, ಅಳು ಮುಗಿಯುವವರೆಗೂ ಕಿವಿಗೆ ಹಿಡಿದುಕೊಂಡೇ ನಿಂತಿದ್ದಾರೆ.