ನಾನು ಪತ್ರಿಕೆಯ ಮಾಲೀಕನಾಗಿದ್ದ ಕಾಲ

ಎಂಟು ವರ್ಷ ನಾನು ಶಿವಮೊಗ್ಗದ ಒಂದು ದಿನಪತ್ರಿಕೆಯ ಮಾಲೀಕನಾಗಿದ್ದೆ. ಮೊಮ್ಮಕ್ಕಳಿಗೆ ಹೇಳಿದರೆ ನಗುತ್ತಾರೆ; ಹಾಗಾಗಿ ಹೇಳುವುದನ್ನೇ ಬಿಟ್ಟಿದ್ದೇನೆ. ಆದರೆ ದಾಖಲೆ ಇದೆ. ಪತ್ರಿಕೆ ಯಾರ ಒಡೆತನದಲ್ಲಿದೆ ಎಂಬುದನ್ನು ಓದುಗರಿಗೆ ವರ್ಷಕ್ಕೊಮ್ಮೆ, ಮಾರ್ಚಿಯ ಮೊದಲಲ್ಲಿ, ಅಚ್ಚು ಹಾಕಿ ತಿಳಿಸಬೇಕು ಎಂದು ಸರ್ಕಾರದ ನಿಯಮ. ನಮ್ಮ ಪತ್ರಿಕೆಯಲ್ಲಿ ಅದು ಕೊನೆಯ ಪುಟದ ಮೂಲೆಯಲ್ಲಿ, ಕೆಮ್ಮಿನ ಔಷಧಿಯ ಜಾಹೀರಾತಿನ ಕೆಳಗೆ ಬರುತ್ತಿತ್ತು. ಮುದ್ರಕರು, ಪ್ರಕಾಶಕರು, ಸಂಪಾದಕರು, ಮಾಲೀಕರು: ನಾಲ್ಕೂ ಕಡೆ ನನ್ನದೇ ಹೆಸರು. ರಾಷ್ಟ್ರೀಯತೆ ಎಂಬಲ್ಲಿ ಭಾರತೀಯ ಎಂದು ಇರುತ್ತಿತ್ತು. ಅಷ್ಟು ಮಾತ್ರ ಪೂರ್ತಿ ನಿಜ.

ನಿಜವಾದ ಮಾಲೀಕರು ಗಾಂಧಿ ಬಜಾರಿನ ಜವಳಿ ಸಾಹುಕಾರರು. ನಾನು ಅವರ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನು. ಆಗ ಅಕ್ಷರ ಎಂದರೆ ಸೀಸದ ಸಣ್ಣ ಮೊಳೆ. ಒಂದೊಂದನ್ನೇ ಪೆಟ್ಟಿಗೆಯ ಮನೆಮನೆಯಿಂದ ಹೆಕ್ಕಿ, ಸಾಲು ಕಟ್ಟಿ, ಅಚ್ಚಾದ ಮೇಲೆ ಮತ್ತೆ ಅದರದರ ಮನೆಗೆ ಹಾಕಬೇಕು. ದಿನವೆಲ್ಲ ನಿಂತೇ ಮಾಡುವ ಕೆಲಸ. ಸಾಹುಕಾರರಿಗೆ ಜವಳಿಯಲ್ಲದೆ ಅಕ್ಕಿ ಗಿರಣಿಯಿತ್ತು, ಪುರಸಭೆಯ ಕಂಟ್ರಾಕ್ಟುಗಳಿದ್ದವು. ಪತ್ರಿಕೆಯ ಮೇಲೆ ತಮ್ಮ ಹೆಸರಿದ್ದರೆ ಜನ ಪ್ರತಿ ಸುದ್ದಿಗೂ ಒಂದು ಅರ್ಥ ಹಚ್ಚುತ್ತಾರೆ ಎಂಬುದು ಅವರ ಲೆಕ್ಕ. ಒಂದು ದಿನ ನನ್ನನ್ನು ಅಂಗಡಿಗೆ ಕರೆಸಿದರು. ಹಣೆಯ ವಿಭೂತಿ ಇನ್ನೂ ಒದ್ದೆಯಿತ್ತು, ಆಗಷ್ಟೇ ಪೂಜೆ ಮುಗಿಸಿ ಬಂದಿದ್ದರು.

“ಡಿ.ಸಿ. ಆಫೀಸಿಗೆ ಹೋಗಿ ನಿನ್ನ ಹೆಸರಲ್ಲೇ ಡಿಕ್ಲರೇಷನ್ ಮಾಡ್ಸಿಬಿಡೋಣ. ನೀನು ಸೈನ್ ಹಾಕಿದ್ರೆ ಸಾಕು. ನಿಂಗೇನು ನಷ್ಟ ಮಾರಾಯ?” ಎಂದರು.

ನನಗೂ ನಷ್ಟವೇನೂ ಕಾಣಲಿಲ್ಲ. ಮದುವೆಯಾಗಿ ಒಂದು ವರ್ಷವಾಗಿತ್ತು, ಕೆಲಸ ಭದ್ರವಾದರೆ ಸಾಕಿತ್ತು. ಸೈನ್ ಹಾಕಿದೆ. ಅಂದಿನಿಂದ ಮನೆಯಲ್ಲಿ ನನ್ನ ಹೆಂಡತಿಗೆ ಒಳ್ಳೆ ತಮಾಷೆ ಸಿಕ್ಕಿತು. “ಏನ್ರೀ ಪೇಪರ್ ಮಾಲೀಕ್ರೇ, ಸೀಮೆಎಣ್ಣೆ ಕ್ಯೂ ಬೆಳೀತಾ ಇದೆ, ಡಬ್ಬ ತಗೊಂಡು ಹೋಗಿ ನಿಂತ್ಕೊಳ್ಳಿ” ಎನ್ನುತ್ತಿದ್ದಳು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಅಂತಾರಲ್ಲ, ಆ ಭಟ್ಟನ ಪಾಡು ನನ್ನದು. ನಾನೂ ನಗುತ್ತಲೇ ಡಬ್ಬ ಹಿಡಿದು ಹೋಗುತ್ತಿದ್ದೆ.

ಈ ತಮಾಷೆ ಮೊದಲ ಸಲ ಚುಚ್ಚಿದ್ದು ಭದ್ರಾವತಿಯಿಂದ ಬಂದ ಒಂದು ಕಾರ್ಡಿನಿಂದ. ಬರೆದವರು ನನ್ನ ಮೇಷ್ಟ್ರು. ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಶಾಲೆಯ ಕೆಲಸ ಬಿಟ್ಟು ಭದ್ರಾವತಿಯಲ್ಲಿ ವಾರಪತ್ರಿಕೆ ನಡೆಸುತ್ತಿದ್ದವರು. ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಸಿಗದೆ ಅಲೆಯುತ್ತಿದ್ದ ನನ್ನನ್ನು ಕರೆದು ಮೊಳೆ ಜೋಡಿಸುವುದು ಕಲಿಸಿದವರು ಅವರು. ಒಂದು ಕೋಣೆ, ಕಾಲಲ್ಲಿ ತುಳಿಯುವ ಒಂದು ಅಚ್ಚಿನ ಯಂತ್ರ, ಅಷ್ಟೇ ಅವರ ಆಸ್ತಿ. ಪತ್ರಿಕೆಯ ಹೆಸರನ್ನು ಸಾಗುವಾನಿ ಮರದ ಬ್ಲಾಕಿನಲ್ಲಿ ತಾವೇ ಕೆತ್ತಿದ್ದರು, ಅಕ್ಷರಗಳ ಹಿಂದೆ ಕಾರ್ಖಾನೆಯ ಚಿಮಣಿ, ಕೆಳಗೆ ಹೊಳೆಯ ಎರಡು ಗೆರೆ. ಕಾರ್ಮಿಕರ ಕ್ವಾರ್ಟರ್ಸಿಗೆ ನೀರು ಬರಲಿಲ್ಲ, ಆಸ್ಪತ್ರೆಯಲ್ಲಿ ಔಷಧಿ ಇಲ್ಲ, ಇಂಥ ಸುದ್ದಿಗಳೇ ಅದರಲ್ಲಿ ಇರುತ್ತಿದ್ದವು. ಶಿಫ್ಟ್ ಬಿಟ್ಟ ಹೊತ್ತಿಗೆ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಒಬ್ಬ ಗಟ್ಟಿಯಾಗಿ ಓದುತ್ತಿದ್ದ, ಕನ್ನಡ ಓದಲು ಬಾರದ ತಮಿಳಿನವರೂ ತೆಲುಗಿನವರೂ ಸುತ್ತ ನಿಂತು ಕೇಳುತ್ತಿದ್ದರು.

ಮೇಷ್ಟ್ರಿಗೆ ಅಚ್ಚಾದ ಮಾತಿನ ಮೇಲೆ ವಿಪರೀತ ನಂಬಿಕೆ. “ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ, ಮೊಳೇಲಿ ಹೇಳಿದ್ದಕ್ಕೆ ಜವಾಬು ಕೊಡ್ಬೇಕಾಗುತ್ತೆ” ಎಂದು ನನಗೆ ಕಲಿಸುವಾಗ ನೂರು ಸಲ ಹೇಳಿದ್ದರು. ಅಂಥವರು ಮಾರ್ಚಿಯ ಹೇಳಿಕೆಯಲ್ಲಿ ನನ್ನ ಹೆಸರು ಓದಿ, ಅದನ್ನು ಅಕ್ಷರ ಬಿಡದೆ ನಂಬಿದ್ದರು. ಕಾರ್ಡಿನಲ್ಲಿ ಹೀಗಿತ್ತು: ಮೊಳೆ ಜೋಡಿಸುವವನೇ ಪತ್ರಿಕೆಯ ಮಾಲೀಕನಾಗುವುದನ್ನು ಕಣ್ಣಾರೆ ಕಂಡೆ, ಇನ್ನು ನನಗೆ ಚಿಂತೆಯಿಲ್ಲ.

ಮುಂದಿನ ಭಾನುವಾರವೇ ಹೋಗಿ ನಿಜ ಹೇಳಿಬಿಡಬೇಕು ಎಂದುಕೊಂಡೆ. ಹೋದೆ ಕೂಡ. ಆ ಹೇಳಿಕೆಯನ್ನು ಕತ್ತರಿಸಿ, ತಮ್ಮ ಅಚ್ಚಿನ ಯಂತ್ರದ ಮೇಲಿನ ಗೋಡೆಗೆ ಅಂಟಿಸಿದ್ದರು. ಬಂದವರಿಗೆಲ್ಲ ತೋರಿಸುತ್ತಿದ್ದರಂತೆ. ಮುಂದಿನ ಸಲ ಹೇಳಿದರಾಯಿತು ಅಂದುಕೊಂಡು ಅವರು ಕೊಟ್ಟ ಕಾಫಿ ಕುಡಿದು ಬಂದೆ. ಹೀಗೆ ಮುಂದಿನ ಸಲ, ಮುಂದಿನ ಸಲ ಎನ್ನುತ್ತ ಐದಾರು ಮಾರ್ಚಿ ಕಳೆದುಹೋದವು. ನಾಚಿಕೆಯಾಗುತ್ತದೆ ಬರೆಯಲು.

ಅಷ್ಟರಲ್ಲಿ ಸಾಹುಕಾರರು ಬೆಳೆದಿದ್ದರು. ಚಿಕ್ಕಮಗಳೂರಿನಲ್ಲಿ ಒಂದು ವಾರಪತ್ರಿಕೆ ಕೊಂಡು ಭಾವಮೈದುನನ ಹೆಸರಿಗೆ ಮಾಡಿಸಿದ್ದರು. ಪಕ್ಕದ ತಾಲ್ಲೂಕಿನ ಸಿನಿಮಾ ಟಾಕೀಸು ಅವರ ತಂಗಿಯ ಹೆಸರಿನಲ್ಲಿತ್ತು. ಭದ್ರಾವತಿಯಲ್ಲಿ ಹೊಸದಾಗಿ ರೇಡಿಯೋ ಕೇಂದ್ರ ಶುರುವಾದಾಗ ಊರಿಗೆ ಊರೇ ಸಂಭ್ರಮಪಟ್ಟರೆ, ಇವರೊಬ್ಬರು ಮಾತ್ರ ಗಲ್ಲಾಪೆಟ್ಟಿಗೆಯ ಮುಂದೆ ಕೂತು ನಿಟ್ಟುಸಿರು ಬಿಟ್ಟರು.

“ಅದೊಂದು ಸರ್ಕಾರದ್ದಾಗೋಯ್ತು ನೋಡು. ಇಲ್ದಿದ್ರೆ ಅದನ್ನೂ ಕೇಳ್ಬಹುದಿತ್ತು.”

“ಅದನ್ನ ಯಾರ ಹೆಸರಿಗೆ ಮಾಡಿಸ್ತಿದ್ರಿ ಸಾಹುಕಾರ್ರೇ?” ಎಂದೆ, ಸ್ವಲ್ಪ ಸಿಟ್ಟಿನಲ್ಲೇ.

ಅವರಿಗೆ ನಗು ಬಂತು. “ನಿನ್ನ ಹೆಂಡ್ತಿ ಹೆಸರಿಗೆ. ಅಲ್ಲ ಮಾರಾಯ, ಬಾಂಬೆ ಕಲ್ಕತ್ತಾದಲ್ಲಿ ದೊಡ್ಡ ದೊಡ್ಡ ಸೇಟುಗಳು, ಗಿರಣಿಯವರು, ಎಲ್ಲ ಪೇಪರ್ ಇಟ್ಕೊಂಡಿಲ್ವಾ? ದೇಶಾನೇ ಹಾಗೆ ನಡೀತಾ ಇದೆ. ನಾನು ನನ್ನ ಕೈಗೆ ಎಟುಕಿದಷ್ಟು ಮಾಡ್ತೀನಿ.” ಆಮೇಲೆ ದನಿ ತಗ್ಗಿಸಿ, “ನಿಮ್ಮ ಮೇಷ್ಟ್ರಿಗೆ ಕಣ್ಣಿಗೆ ಪೊರೆ ಬಂದಿದೆಯಂತೆ. ಆ ಪೇಪರ್ ಕೊಡ್ತಾರಾ ಕೇಳ್ಕೊಂಡು ಬಾ. ನನ್ನ ಹೆಸರು ಎತ್ತಬೇಡ” ಎಂದರು.

ಆ ಪತ್ರಿಕೆ ಅವರಿಗೆ ಯಾಕೆ ಬೇಕಿತ್ತು ಎಂಬುದು ನನಗೆ ಗೊತ್ತಿತ್ತು. ಅಚ್ಚಿನ ಕಾಗದವನ್ನು ಸರ್ಕಾರ ಪತ್ರಿಕೆಗೆ ಇಷ್ಟು ಎಂದು ಹಂಚುತ್ತಿದ್ದ ಕಾಲ ಅದು. ಒಂದು ಪತ್ರಿಕೆ ಹೆಚ್ಚಿದ್ದರೆ ಒಂದು ಪಾಲು ಹೆಚ್ಚು. ಉಳಿದ ಕಾಗದಕ್ಕೆ ಬಜಾರಿನಲ್ಲಿ ಗಿರಾಕಿಗಳಿದ್ದರು. ಜೊತೆಗೆ ಭದ್ರಾವತಿಯಲ್ಲಿ ಅವರದೂ ಒಂದು ಕಂಟ್ರಾಕ್ಟು ಶುರುವಾಗುವುದರಲ್ಲಿತ್ತು. ಅಲ್ಲಿ ಬಾಯಿ ಬಿಡುವ ಪತ್ರಿಕೆ ಇರುವುದು ಅವರಿಗೆ ಬೇಡವಾಗಿತ್ತು.

ರೈಲಿನಲ್ಲಿ ಹೋದೆ. ಮೇಷ್ಟ್ರು ಕರಡನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ತಿದ್ದುತ್ತಿದ್ದರು. ಪತ್ರಿಕೆಯನ್ನು ಯಾರಿಗಾದರೂ ಕೊಡುವ ಯೋಚನೆ ಇದೆಯೇ ಎಂದು ಕೇಳಿದೆ. ಅವರು ಕರಡನ್ನು ಕೆಳಗಿಟ್ಟರು.

“ಬಹಳ ಜನ ಕೇಳಿದ್ರಪ್ಪ. ನಿಮ್ಮೂರಿನ ಆ ಜವಳಿ ಸಾಹುಕಾರನೂ ಹೋದ ವರ್ಷ ಆಳು ಕಳ್ಸಿದ್ದ. ಮೊಳೆಯೆಲ್ಲ ಕರಗಿಸಿ ಭದ್ರಾ ಹೊಳೆಗೆ ಹಾಕ್ತೀನಿ, ಅವನಿಗೆ ಮಾತ್ರ ಕೊಡಲ್ಲ ಅಂತ ಹೇಳಿ ಕಳ್ಸಿದೆ. ನೀನು ತಗೋತೀಯಾ? ನೀನಾದ್ರೆ ಇವತ್ತೇ ಕೊಡ್ತೀನಿ.”

ಈಗ ಹೇಳಬೇಕಿತ್ತು. ಇನ್ನೊಂದು ‘ಮುಂದಿನ ಸಲ’ ಇರಲಿಲ್ಲ. ಹೇಳಿದರೆ ಆ ಪತ್ರಿಕೆ ಉಳಿಯುತ್ತಿತ್ತು, ಅಥವಾ ಅವರ ಕೈಯಲ್ಲೇ ಮರ್ಯಾದೆಯಿಂದ ಮುಚ್ಚುತ್ತಿತ್ತು. ಆದರೆ ನಾನು ಇಷ್ಟು ವರ್ಷ ಅವರ ಮುಂದೆ ಕೂತು ಕಾಫಿ ಕುಡಿದದ್ದು ಸುಳ್ಳನ ಹಾಗೆ ಎಂದು ಅವರಿಗೆ ಗೊತ್ತಾಗುತ್ತಿತ್ತು. ನನ್ನನ್ನು ಮರ್ಯಾದಸ್ಥ ಎಂದು ನಂಬಿದ್ದವರು ಜಗತ್ತಿನಲ್ಲಿ ಅವರೊಬ್ಬರೇ. ಅದನ್ನು ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನ ಹಾಗೆ ಕೂತಿದ್ದೆ.

“ಸರಿ ಮೇಷ್ಟ್ರೇ” ಎಂದೆ.

ಕುರಿ ಕಟುಕನನ್ನೇ ನಂಬುತ್ತದೆ ಎನ್ನುತ್ತಾರೆ. ಪತ್ರಿಕೆಯನ್ನು ನನ್ನ ಹೆಸರಿಗೆ ಬರೆದುಕೊಡುವ ಕಾಗದಕ್ಕೆ ಸೈನ್ ಹಾಕುವಾಗ ಎಲ್ಲಿ ಹಾಕಬೇಕೆಂದು ಮೇಷ್ಟ್ರಿಗೆ ಕಾಣಲಿಲ್ಲ. ನಾನೇ ಅವರ ಬೆರಳು ಹಿಡಿದು ಜಾಗ ತೋರಿಸಿದೆ. ಹೊರಡುವಾಗ ಆ ಮರದ ಬ್ಲಾಕನ್ನು ತಾವೇ ಹಳೇ ಪಂಚೆಯಲ್ಲಿ ಸುತ್ತಿ ಕೊಟ್ಟರು.

ಎರಡು ತಿಂಗಳು ಪತ್ರಿಕೆ ಸರಿಯಾಗಿ ಹೋಯಿತು. ಆಮೇಲೆ ಸಾಹುಕಾರರು ಭದ್ರಾವತಿಗೆ ಪ್ರತಿ ಕಳಿಸುವುದು ಬೇಡ ಎಂದರು. ನಮ್ಮ ಶಿವಮೊಗ್ಗದ ಹಳೇ ಸುದ್ದಿಗಳನ್ನೇ ಆ ಮರದ ಬ್ಲಾಕಿನ ಕೆಳಗೆ ಕೂರಿಸಿ, ಕಚೇರಿಗಳ ಫೈಲಿಗೆ ಬೇಕಾದಷ್ಟು ಪ್ರತಿ ತೆಗೆದರೆ ಸಾಕು. ಲೆಕ್ಕಕ್ಕೆ ಪತ್ರಿಕೆ ಇತ್ತು, ಊರಿಗೆ ಇರಲಿಲ್ಲ. ಶುಕ್ರವಾರಕ್ಕೊಮ್ಮೆ ನಾನೇ ಆ ಬ್ಲಾಕನ್ನು ಒರೆಸಿ, ಕಟ್ಟಿ, ಮಸಿ ಹಾಕಿಸುತ್ತಿದ್ದೆ. ಆ ದಿನಗಳಲ್ಲಿ ಭದ್ರಾವತಿಯ ಮೇಲೆ ಹಾಯುವ ಬಸ್ಸಿನಲ್ಲಿ ಕೂರಬೇಕಾದರೂ ನನಗೆ ಸಂಕಟವಾಗುತ್ತಿತ್ತು.

ಒಂದು ಮಧ್ಯಾಹ್ನ ಮೇಷ್ಟ್ರೇ ಬಂದರು. ಕೋಲೂರಿಕೊಂಡು, ದಾರಿ ಕೇಳಿಕೊಂಡು ಗಾಂಧಿ ಬಜಾರಿನ ಜನದಲ್ಲಿ ತಳ್ಳಿಸಿಕೊಂಡು ಬಂದಿದ್ದರು. ಸ್ಟೂಲು ಹಾಕಿ ಕೂರಿಸಿದೆ. ಕೂತವರು ಸುಮ್ಮನೆ ಪಕ್ಕದ ಮೊಳೆಯ ಪೆಟ್ಟಿಗೆಗೆ ಕೈ ಹಾಕಿದರು. ಒಂದು ಮೊಳೆ ತೆಗೆದು ಹೆಬ್ಬೆರಳಲ್ಲಿ ಸವರಿ, “ಇದು ಳ. ಲ ಮನೆಗೆ ಬಿದ್ದಿದೆ, ನೋಡ್ಕೋ” ಎಂದರು. ನಾನು ಅದನ್ನು ತೆಗೆದು ಅದರ ಮನೆಗೆ ಹಾಕಿದೆ.

“ಯಾಕಪ್ಪ ನಿಲ್ಲಿಸಿದೆ?” ಎಂದರು. “ಗೇಟಿನ ಹತ್ರ ತಮಿಳಿನವರು ನನ್ನನ್ನ ಹಿಡ್ಕೊಂಡು ‘ಅಯ್ಯಾ, ಪೇಪರ್ ಎಂಗೆ, ಪೇಪರ್ ಎಂಗೆ’ ಅಂತಾರೆ. ಎಲ್ಲಿ ಅಂತ ಹೇಳ್ಲಿ ನಾನು?”

“ಕಾಗದ ಸಾಲ್ತಾ ಇಲ್ಲ ಮೇಷ್ಟ್ರೇ.”

“ಕಾಗದದ ಕಾರ್ಖಾನೆ ಇರೋ ಊರಿನವನಿಗೆ ಬಂದು ಕಾಗದ ಇಲ್ಲ ಅಂತೀಯಲ್ಲೋ” ಎಂದು ನಕ್ಕರು. ಆ ನಗುವಿನಲ್ಲಿ ಕೋಪವಿರಲಿಲ್ಲ. “ಹೋಗ್ಲಿ ಬಿಡು. ನಡೆಸೋನ ಕಷ್ಟ ನಡೆಸೋನಿಗೇ ಗೊತ್ತು. ನಾನೂ ಮಾಲೀಕನಾಗಿದ್ದೋನೇ ಅಲ್ವಾ. ಬೈಯೋಕೆ ಬಂದಿಲ್ಲ ನಾನು. ಪೇಪರ್ ನಿಲ್ಲಿಸಿದ ಮೇಲೆ ಆ ಮರದ ಬ್ಲಾಕ್ ನಿನಗೆ ಬೇಡ. ಕೊಡು, ಮನೇಲಿ ಇಟ್ಕೋತೀನಿ. ಕೈಯಲ್ಲಿ ಮುಟ್ಟಿದ್ರೆ ನನಗೆ ಓದೋಕಾಗುತ್ತೆ.”

ಬ್ಲಾಕ್ ಅವರಿಂದ ಎರಡು ಮೊಳ ದೂರದಲ್ಲಿ, ಮೊಳೆ ಕಟ್ಟುವ ಕಲ್ಲಿನ ಮೇಲೆ, ಆ ವಾರದ ಪುಟಕ್ಕೆ ಕಟ್ಟಿ ಸಿದ್ಧವಾಗಿತ್ತು. ಅವರಿಗೆ ಕಾಣುತ್ತಿರಲಿಲ್ಲ. ದಾರ ಬಿಚ್ಚಿ ಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಸಾಹುಕಾರರ ಅಚ್ಚುಕೂಟದಿಂದ ಒಂದು ಸೂಜಿ ಹೊರಗೆ ಹೋಗಬೇಕಾದರೂ ಅವರನ್ನು ಕೇಳುವುದು ನನಗೆ ಹತ್ತು ವರ್ಷದ ರೂಢಿ. ಯೋಚಿಸುವ ಮೊದಲೇ ಬಾಯಿ ಆಡಿಬಿಟ್ಟಿತು.

“ಕೇಳಿ ಹೇಳ್ತೀನಿ ಮೇಷ್ಟ್ರೇ.”

ಅವರು ತಲೆಯೆತ್ತಿ ನನ್ನ ದನಿಯ ಕಡೆ ನೋಡಿದರು.

“ಯಾರನ್ನ ಕೇಳ್ತೀಯಪ್ಪ?”

ಹೊರಗೆ ಮೂಟೆ ಇಳಿಸುವ ಹಮಾಲರ ಗಲಾಟೆಯಿತ್ತು. ಮೇಷ್ಟ್ರು ಮೆಲ್ಲಗೆ ಎದ್ದು, ಕೋಲನ್ನು ನೆಲಕ್ಕೆ ತಾಗಿಸಿ ಹೊಸ್ತಿಲು ಎಲ್ಲಿದೆ ಎಂದು ಹುಡುಕಿದರು. ಕೈ ಹಿಡಿಯಲು ಹೋದೆ. ಬೇಡ ಎಂಬಂತೆ ಕೈ ಬಿಡಿಸಿಕೊಂಡು ತಾವೇ ಇಳಿದು ಹೋದರು.

ಸಂಜೆ ಸಾಹುಕಾರರನ್ನು ಕೇಳಿದೆ. ಅವರು ಬಟ್ಟೆ ಅಳೆಯುತ್ತಲೇ, “ಬೆಂಗಳೂರಲ್ಲಿ ಸತುವಿನ ಬ್ಲಾಕ್ ಮಾಡಿಸ್ತಾ ಇದೀನಿ. ಅದು ಬಂದ ಮೇಲೆ ಈ ಮರದ ತುಂಡು ಕೊಟ್ಬಿಡು ಮಾರಾಯ. ಇಷ್ಟಕ್ಕೆಲ್ಲ ನನ್ನನ್ನ ಕೇಳ್ತೀಯಾ?” ಎಂದರು.

ಹದಿನೈದು ದಿನ ಬಿಟ್ಟು ಬ್ಲಾಕನ್ನು ಅದೇ ಹಳೇ ಪಂಚೆಯಲ್ಲಿ ಸುತ್ತಿ ಭದ್ರಾವತಿಗೆ ಒಯ್ದೆ. ಮೇಷ್ಟ್ರು ಆ ಕೋಣೆಯಲ್ಲೇ ಕೂತಿದ್ದರು. ಯಂತ್ರ ಇರಲಿಲ್ಲ, ಅದನ್ನು ಆಗಲೇ ಶಿವಮೊಗ್ಗಕ್ಕೆ ಸಾಗಿಸಿದ್ದೆವು. ಗೋಡೆಯ ಮೇಲೆ ನನ್ನ ಹೆಸರಿನ ಹೇಳಿಕೆಯೂ ಇರಲಿಲ್ಲ. ಅದನ್ನು ಕೆರೆದು ತೆಗೆದ ಜಾಗದಲ್ಲಿ ಅಂಟಿನ ಗುರುತು ಚೌಕವಾಗಿ ಉಳಿದಿತ್ತು. ಕಣ್ಣು ಕಾಣದವರು ಅದನ್ನು ಉಗುರಿನಲ್ಲೇ ಕೆರೆದು ತೆಗೆದಿರಬೇಕು.

ಬ್ಲಾಕನ್ನು ಅವರ ತೊಡೆಯ ಮೇಲಿಟ್ಟೆ. ಪಂಚೆ ಬಿಚ್ಚಿ, ಚಿಮಣಿಯಿಂದ ಹೊಳೆಯವರೆಗೆ ಒಂದು ಸಲ ಬೆರಳಾಡಿಸಿದರು. ನಾನು ಕ್ಷಮೆ ಕೇಳಲು ಮಾತು ಹುಡುಕುತ್ತಿದ್ದೆ. ಅವರೇ ಮೊದಲು ಮಾತಾಡಿದರು. ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಒಬ್ಬ ಕೂಲಿಯವನನ್ನು ಇನ್ನೊಬ್ಬ ಕೂಲಿಯವನು ವಿಚಾರಿಸುವಂತೆ ಕೇಳಿದರು.

“ಮಾಲೀಕರು ಒಪ್ಪಿದ್ರಾ?”

“ಒಪ್ಪಿದ್ರು ಮೇಷ್ಟ್ರೇ” ಎಂದೆ.

ಆ ಮಾರ್ಚಿಯಲ್ಲೂ ಹೇಳಿಕೆಯ ಮೊಳೆಗಳನ್ನು ನಾನೇ ಜೋಡಿಸಿದೆ. ಪತ್ರಿಕೆ ಎರಡಾಗಿದ್ದರಿಂದ ಎರಡು ಸಲ ಜೋಡಿಸಿದೆ.