ಸೂಜಿ ಹಾಕಿಸದೆ ತಿರುಗಿ ಬಂದ ದಿನ

ಆ ಮಂಗಳವಾರ ಬಸ್ಸು ಹತ್ತುವ ಮೊದಲು ನಾನು ಮಾಡಿದ ಕೆಲಸಗಳು ಇವು: ಐದಕ್ಕೆ ಎದ್ದು ಸ್ನಾನದ ನೀರು ಕಾಯಿಸಿದೆ. ಹಾಲು ತಂದೆ. ತೊಗಟೆಯ ಕಷಾಯ ಕುದಿಸಿ, ಸೋಸಿ, ಹೆಂಡತಿ ನೀಲಮ್ಮನಿಗೆ ಕುಡಿಸಿದೆ. ಆಸ್ಪತ್ರೆಯ ಫೈಲು, ಒಂದು ಟವೆಲ್ಲು, ವಾಂತಿಗೆಂದು ಎರಡು ಪ್ಲಾಸ್ಟಿಕ್ ಚೀಲ, ನೀರಿನ ಬಾಟಲಿ ಕೈಚೀಲಕ್ಕೆ ಹಾಕಿದೆ. ಮನೆಗೆ ಬೀಗ ಹಾಕಿ, ಎಳೆದು ನೋಡಿದೆ.

ನೀಲಮ್ಮನಿಗೆ ಎದೆಯ ಕ್ಯಾನ್ಸರ್. ಇಪ್ಪತ್ತೊಂದು ದಿನಕ್ಕೊಮ್ಮೆ ಕಲಬುರಗಿಯಲ್ಲಿ ಕಿಮೋ ಸೂಜಿ. ಮೂರನೆಯದನ್ನು ಡಾಕ್ಟರು ಎರಡು ವಾರ ಮುಂದಕ್ಕೆ ಹಾಕಿದ್ದರು. ಅಂದು ನಾಲ್ಕನೆಯದು. ಇದೊಂದು ಹೊತ್ತಿಗೆ ಸರಿಯಾಗಿ ಬೀಳಲಿ ಎಂಬುದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು.

ನಮ್ಮೂರು ಕಮಲಾಪುರದಿಂದ ಕಲಬುರಗಿ ಮೂವತ್ತೈದು ಕಿಲೋಮೀಟರಿನ ಆಚೀಚೆ. ಏಳೂಕಾಲರ ಬಸ್ಸು ಸಿಕ್ಕಿತು. ಹೆಂಗಸರಾದ್ದರಿಂದ ಆಕೆಗೆ ಸೊನ್ನೆ ಟಿಕೆಟು, ನನಗೆ ದುಡ್ಡಿನದು. “ಸರಕಾರ ನನ್ನ ಪುಕ್ಕಟ ಒಯ್ತದ. ನಿಮ್ಮೊಬ್ಬರ ಖರ್ಚೇ ಭಾರ ನೋಡ್ರಿ,” ಎಂದಳು. ತೊಗರಿ ಕೊಯ್ದ ಹೊಲಗಳು ಎರಡೂ ಕಡೆ ಬರಿದಾಗಿದ್ದವು. ಕಪನೂರಿನ ಕಾರ್ಖಾನೆಗಳ ವಾಸನೆ ಬರುತ್ತಲೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿ ಎಳೆದೆ. ಅದು ಅರ್ಧಕ್ಕೇ ನಿಂತಿತು.

ಒಂಬತ್ತಕ್ಕೆ ಆಸ್ಪತ್ರೆಯಲ್ಲಿ ನೀಲಮ್ಮನ ರಕ್ತ ಪರೀಕ್ಷೆಗೆ ಕೊಟ್ಟೆವು. ರಿಪೋರ್ಟು ಬರುವುದು ಹನ್ನೆರಡಕ್ಕೆ. ಬೆಂಚಿನ ಮೇಲೆ ಗಾಜಿಪುರದ ಟೇಲರ್ ಹುಸೇನಸಾಬರು ಸಿಕ್ಕರು. ಅವರ ಹೆಂಡತಿಗೂ ಇಲ್ಲೇ ಚಿಕಿತ್ಸೆ, ಹೋದ ಸಲ ಪರಿಚಯವಾಗಿತ್ತು. ನಾನು ಸಿಡುಕುತ್ತಿದ್ದೆ: ನಾಲ್ಕು ತಿಂಗಳಲ್ಲಿ ಮೂವರು ಡಾಕ್ಟರು ಬದಲಾದರು, ಒಬ್ಬರೂ ಪೂರ್ತಿ ಮಾತಾಡುವುದಿಲ್ಲ. ಮನೆಯಲ್ಲಿ ಪ್ರಶ್ನೆ ಬರೆದು ತಂದರೆ ಚೀಟಿ ಕಿಸೆಯಲ್ಲೇ ಮರಳುತ್ತದೆ.

“ಅರೆ ಸಾಹುಕಾರ್ರ, ಡಾಕ್ಟರ್ ಸಾಬ್ ಒಮ್ಮಿ ತಲಿ ಎತ್ತಿ ನನ್ನ ಮಾರಿ ನೋಡ್ಲಿ, ಪೂರಾ ವಾರ್ಡಿಗೆ ಮಿಠಾಯಿ ಹಂಚ್ತೀನಿ,” ಎಂದರು ಹುಸೇನಸಾಬರು. ನೀಲಮ್ಮ ನಕ್ಕಳು. ನನಗೆ ನಗು ಬರಲಿಲ್ಲ.

ಒಂದೂವರೆಗೆ ಒಳಗೆ ಕರೆದರು. ಅಂದು ಇದ್ದವರು ಒಬ್ಬ ಡಾಕ್ಟರಮ್ಮ, ನನ್ನ ತಂಗಿಯ ವಯಸ್ಸಿನವರು. ರಿಪೋರ್ಟು ನೋಡುತ್ತಲೇ, “ಲಿವರ್ ಸರಿ ಇಲ್ಲ. ಇವತ್ತು ಸೂಜಿ ಬ್ಯಾಡ. ಮುಂದಿನ ವಾರ ಬರ್ರಿ,” ಎಂದರು.

ಚೀಟಿ ತೆಗೆಯಲೇ ಇಲ್ಲ, ಬಾಯಿ ತಾನೇ ಬಿಚ್ಚಿಕೊಂಡಿತು. “ಪ್ರತಿ ಸಲ ಮುಂದಿನ ವಾರ, ಮುಂದಿನ ವಾರ! ಈಕಿ ಏನು ಬಸ್ ಏನ್ರಿ, ಇದು ಹೋದ್ರ ಇನ್ನೊಂದು ಬರ್ತದ ಅನ್ಲಿಕ್ಕೆ?”

ಅವರು ಪೆನ್ನು ಕೆಳಗಿಟ್ಟರು. “ಮನ್ಯಾಗ ಬೇರೆ ಏನರ ಔಷಧ ಕೊಡಾಕತ್ತೀರೇನು?”

“ಇಲ್ರಿ.”

“ಕೊಡತಾರ್ರೀ ಮೇಡಂ,” ಎಂದಳು ನೀಲಮ್ಮ. “ಮುಂಜಾನಿ ಒಮ್ಮಿ, ಸಂಜಿಗೊಮ್ಮಿ. ಎರಡು ತಿಂಗಳಾತು.”

ನಮ್ಮ ಕಡೆ ನಾಟಿ ಔಷಧಕ್ಕೊಂದು ಕಟ್ಟುಪಾಡು ಇದೆ. ಕೊಟ್ಟವರ ಹೆಸರು, ಗಿಡದ ಹೆಸರು ಬಾಯಿ ಬಿಡಬಾರದು. ತೊಗಟೆ ಕೊಟ್ಟ ಹಿರಿಯರು ನನ್ನ ಕೈಮೇಲೆ ಕೈಯಿಟ್ಟು, “ಡಾಕ್ಟರ್ ಕಿವಿಗೆ ಬಿದ್ರ ಇದರ ಗುಣಾ ಹೋಗ್ತದ,” ಎಂದಿದ್ದರು. ನಾನು ಅದನ್ನು ತಪ್ಪದೆ ಪಾಲಿಸಿದ್ದೆ. ಮೂರನೆಯ ಸೂಜಿ ತಡವಾದಾಗ ಡಾಕ್ಟರನ್ನು ಬೈಯುತ್ತ ಕಷಾಯವನ್ನು ಇನ್ನಷ್ಟು ಗಟ್ಟಿ ಮಾಡಿದ್ದೆ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. “ಅದರಿಂದನ ಆಗಿರಬಹುದು. ಇವತ್ತೇ ಬಂದ್ ಮಾಡ್ರಿ,” ಎಂದರು.

“ಈ ತಡದಾಗ ಗಂಟು ಬೆಳದಿರ್ತದೇನ್ರಿ?”

ಅವರು ತಲೆ ಎತ್ತಿ ನನ್ನನ್ನೇ ನೋಡಿದರು. “ಗೊತ್ತಿಲ್ರಿ. ಸ್ಕ್ಯಾನ್ ಮಾಡೂತನಾ ನನಗೂ ಗೊತ್ತಾಗಂಗಿಲ್ಲ.”

ನಾಲ್ಕು ತಿಂಗಳು ಕಾದದ್ದಕ್ಕೆ ಡಾಕ್ಟರೊಬ್ಬರ ಬಾಯಿಂದ ಪೂರ್ತಿ ಉತ್ತರವೆಂದು ಸಿಕ್ಕಿದ್ದು ಇದು. ಹಿಂದಿನ ಮೂವರಲ್ಲಿ ಒಬ್ಬರಾದರೂ ಮನೆ ಔಷಧದ ಪ್ರಶ್ನೆ ಕೇಳಬಹುದಿತ್ತಲ್ಲ ಎಂಬ ಸಿಟ್ಟು ಆಗಲೂ ಇತ್ತು, ಇವತ್ತಿಗೂ ಇದೆ. ಆದರೆ ಅವರು ಕೇಳಿದ್ದರೂ ನಾನು “ಇಲ್ರಿ” ಎಂದೇ ಹೇಳುತ್ತಿದ್ದೆ.

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ವಾಪಸು ಬಸ್ಸು ಮಹಾಗಾಂವ ಕ್ರಾಸ್ ದಾಟಿತು. ಆಮೇಲೆ ಕೇಳಿದೆ, “ನಿನಗ ಬ್ಯಾಡಾಗಿದ್ರ ಯಾಕ ಕುಡದಿ?”

“ಕಹಿ ಅಂದ್ರ ಕಹಿ, ದೇವರಿಗೂ ಬ್ಯಾಡ,” ಎಂದಳು. “ಆದ್ರ ನೀವು ಒಲಿ ಮುಂದ ನಿಂತು ಕುದಿಸೂ ಹೊತ್ತಿನಾಗ ಒಂದೀಟು ಸಮಾಧಾನ ಇರ್ತಿದ್ರಿ. ಉಳಿದ ಹೊತ್ತೆಲ್ಲ ಡಾಕ್ಟರಿಗೆ ಬೈಯೂದೇ ಆತು. ಅದಕ್ಕ ಕುಡದೆ.”

ನಾನು ಕೈಚೀಲದಿಂದ ಬಾಟಲಿ ತೆಗೆದು ಆಕೆಗೆ ನೀರು ಕೊಟ್ಟೆ.

ಮನೆ ಮುಟ್ಟಿದಾಗ ಐದು ಗಂಟೆ. ಉಳಿದ ತೊಗಟೆಯನ್ನು ಹಿತ್ತಲಿಗೆ ಒಯ್ದು ಮಣ್ಣಲ್ಲಿ ಮುಚ್ಚಿದೆ. ಪಕ್ಕದ ಮನೆಯವರು ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ಕೊಟ್ಟು ಹೋದರು. ಸೂಜಿ ಬಿದ್ದ ದಿನಗಳಲ್ಲಿ ನೀಲಮ್ಮ ಗಂಜಿಯನ್ನೂ ಕಕ್ಕುತ್ತಿದ್ದಳು. ಅಂದು ಎರಡು ರೊಟ್ಟಿ ತಿಂದು, ಪಲ್ಯ ಇನ್ನಷ್ಟು ಹಾಕಿಸಿಕೊಂಡು, ಬೆರಳು ನೆಕ್ಕಿದಳು. “ಇವತ್ತ ಬಾಯಿಗೆ ರುಚಿ ಬಂದದ ನೋಡ್ರಿ,” ಎಂದಳು. ಯಾಕೆ ಬಂದಿದೆ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಅರ್ಧ ರೊಟ್ಟಿ ತಿಂದೆ. ಎಂಟಕ್ಕೆ ಮುಂಚೆ ಆಕೆಯೇ ಮೊದಲು ನಿದ್ದೆ ಹೋದಳು, ಹೊಟ್ಟೆ ತುಂಬಿದವರ ಹಾಗೆ.